ಪುತ್ತನ್‌ಚಿರದ ಸಂತ ಮರಿಯಂ ತ್ರೇಸಿಯಮ್ಮನವರ ಪುಣ್ಯಚರಿತ್ರೆ

ಕೇರಳ ರಾಜ್ಯದ ತ್ರಿಶೂರು ಜಿಲ್ಲೆಯಲ್ಲಿ ಪುತ್ತನ್‌ಚಿರ ಎಂಬ ಊರುಂಟು. ಗದ್ದೆ, ತೆಂಗಿನ ತೋಟ, ಮಾತೆ ಮರಿಯಮ್ಮನವರ ಹೆಸರಿನ ಹಳೇ ದೇವಾಲಯ ಇರುವ ಊರು. ಇಲ್ಲಿ 1876ನೇ ಇಸವಿ ಏಪ್ರಿಲ್ 26ರಂದು ಚಿರಮ್ಮೇಲ್ ಮಂಕಿಡಿಯಾನ್ ಮನೆತನದ ತೋಮ ಮತ್ತು ತಾಂಡ ದಂಪತಿಗಳಿಗೆ ಮೂರನೆಯ ಮಗುವಾಗಿ ಒಂದು ಹೆಣ್ಣು ಕೂಸು ಹುಟ್ಟಿತು. ಮೇ 3ರಂದು ಜ್ಞಾನಸ್ನಾನ ಮಾಡಿಸಿ, ಆವಿಲಾ ಪಟ್ಟಣದ ಸಂತ ತೆರೇಸಮ್ಮನವರ ಹೆಸರನ್ನೇ ಇಟ್ಟರು. ಮಲಯಾಳಂನಲ್ಲಿ ಅದು ತ್ರೇಸಿಯ ಎಂದಾಯಿತು. ಈ ತ್ರೇಸಿಯಳನ್ನೇ 2019ನೇ ಇಸವಿ ಅಕ್ಟೋಬರ್ 13ರಂದು ರೋಮಾಪುರಿಯಲ್ಲಿ ಪೋಪ್ ಫ್ರಾನ್ಸಿಸರು ಸಂತರ ಪಟ್ಟಿಗೆ ಸೇರಿಸಿದರು.

ಚಿರಮ್ಮೇಲ್ ಮನೆಯವರು ಒಂದು ಕಾಲದಲ್ಲಿ ಊರಿಗೇ ದೊಡ್ಡವರು. ಜಮೀನು ಬೇಕಾದಷ್ಟಿತ್ತು. ಆದರೆ ತ್ರೇಸಿಯಳ ಅಜ್ಜನಿಗೆ ಏಳು ಜನ ಹೆಣ್ಣುಮಕ್ಕಳು. ಒಬ್ಬೊಬ್ಬಳ ಮದುವೆ ಬಂದಾಗಲೂ ವರದಕ್ಷಿಣೆಗೆ ಅಂತ ಜಮೀನು ಮಾರಬೇಕಾಯಿತು. ಏಳು ಮದುವೆ ಮುಗಿಯುವಷ್ಟರಲ್ಲಿ ಮನೆತನದ ಹೆಸರು ಉಳಿಯಿತೇ ಹೊರತು ಆಸ್ತಿ ಉಳಿಯಲಿಲ್ಲ. ಹುಟ್ಟು ಬಡವರಿಗೆ ಬಡತನ ಹೇಗೋ ಅಭ್ಯಾಸವಾಗಿರುತ್ತದೆ. ಉಂಡುಟ್ಟು ಬಾಳಿದವರಿಗೆ ಅದು ಬಂದರೆ ತಡೆಯೋಕೆ ಆಗುವುದಿಲ್ಲ. ತಂದೆ ತೋಮ ಆ ಸಂಕಟ ಮರೆಯಲು ಕುಡಿತಕ್ಕೆ ಬಿದ್ದರು. ಗಂಡುಮಕ್ಕಳಲ್ಲಿ ಒಬ್ಬನೂ ಅದೇ ದಾರಿ ಹಿಡಿದ. ಸಂತರ ಚರಿತ್ರೆ ಹೇಳುವಾಗ ಕೆಲವರು ಇಂಥ ವಿಷಯವನ್ನು ಮುಚ್ಚಿಟ್ಟು ಬಿಡುತ್ತಾರೆ. ಮುಚ್ಚಿಡಬಾರದು. ಮುಂದೆ ಈ ತಾಯಿ ದಾರಿ ತಪ್ಪಿದವರ ಮನೆಗೆ, ಒಡೆದುಹೋದ ಸಂಸಾರಗಳಿಗೆ ಹೋಗಿ ಬುದ್ಧಿ ಹೇಳಿದರಲ್ಲ, ಆ ಕಷ್ಟ ಏನೆಂದು ಅವರು ಪುಸ್ತಕ ಓದಿ ತಿಳಿದದ್ದಲ್ಲ, ಸ್ವಂತ ಮನೆಯಲ್ಲೇ ಕಂಡದ್ದು.

ತಾಯಿ ತಾಂಡ ದೈವಭಕ್ತೆ. ಮಗಳಿಗೆ ಭಕ್ತಿಯ ಮೊದಲ ಪಾಠ ಸಿಕ್ಕಿದ್ದು ಅವರಿಂದಲೇ. ಆದರೆ ಮಗಳ ಭಕ್ತಿ ನೋಡಿ ತಾಯಿಗೇ ಭಯವಾಗುವ ಹಾಗಾಯಿತು. ಎಂಟು ವರ್ಷದ ಮಗು ವಾರಕ್ಕೆ ನಾಲ್ಕು ದಿನ ಉಪವಾಸ ಮಾಡುತ್ತಿತ್ತು. ದಿನಕ್ಕೆ ಹಲವು ಸಾರಿ ಜಪಮಾಲೆ ಪ್ರಾರ್ಥನೆ, ರಾತ್ರಿ ಎದ್ದು ಪ್ರಾರ್ಥನೆ. ಮಗು ಸೊರಗಿ ಕಡ್ಡಿಯಾಗುವುದನ್ನು ನೋಡಿ ತಾಂಡ ಇಷ್ಟೆಲ್ಲ ಬೇಡವೆಂದು ಎಷ್ಟೋ ತಿಳಿಹೇಳಿದರು. ತ್ರೇಸಿಯ ಕೇಳಲಿಲ್ಲ. ಯೇಸುಸ್ವಾಮಿಯ ಪಾಡುಗಳನ್ನು ಕೇಳಿದ ಮೇಲೆ ತಾನೊಬ್ಬಳು ಸುಖವಾಗಿ ಇರಬಾರದು ಎಂಬುದು ಆ ಚಿಕ್ಕ ಮನಸ್ಸಿಗೆ ನಾಟಿಬಿಟ್ಟಿತ್ತು. ಹತ್ತನೇ ವಯಸ್ಸಿನಲ್ಲಿ, ಅಂದರೆ 1886ರಲ್ಲಿ, ಮದುವೆಯಾಗದೆ ದೇವರಿಗೇ ಮೀಸಲಾಗಿರುತ್ತೇನೆಂದು ಮನಸ್ಸಿನಲ್ಲೇ ಹರಕೆ ಮಾಡಿಕೊಂಡಳು.

1888ರ ಮಾರ್ಚ್ 2ರಂದು ತಾಯಿ ತೀರಿಕೊಂಡರು. ಮಗಳಿಗೆ ಹನ್ನೆರಡು ತುಂಬಲು ಇನ್ನೂ ಸುಮಾರು ಎರಡು ತಿಂಗಳಿತ್ತು. ಅಲ್ಲಿಗೆ ಶಾಲೆಯೂ ನಿಂತಿತು. ಮುಂದೆ ಎರಡು ಶಾಲೆ ಕಟ್ಟಿಸಿದ ಈ ತಾಯಿ ಶಾಲೆಯಲ್ಲಿ ಕಲಿತದ್ದು ಇಷ್ಟೇ.

ಇನ್ನು ಬೆಟ್ಟ ಹತ್ತಿ ಬಂದ ಯಾತ್ರಿಕರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ. 1891ರಲ್ಲಿ, ಹದಿನೈದನೇ ವಯಸ್ಸಿನಲ್ಲಿ, ತ್ರೇಸಿಯ ಯಾರಿಗೂ ಹೇಳದೆ ಮನೆ ಬಿಟ್ಟು ದೂರದ ಬೆಟ್ಟಗಳಿಗೆ ಹೊರಟುಹೋಗಬೇಕೆಂದು ಯೋಚನೆ ಮಾಡಿದಳು. ಹಿಂದಿನ ಕಾಲದ ತಪಸ್ವಿಗಳ ಹಾಗೆ ಕಾಡಿನಲ್ಲಿ ಒಬ್ಬಳೇ ಇದ್ದು ಪ್ರಾರ್ಥನೆ, ಪ್ರಾಯಶ್ಚಿತ್ತದಲ್ಲಿ ಜೀವನ ಕಳೆಯಬೇಕು ಅಂತ. ಆ ಯೋಚನೆ ನಡೆಯಲಿಲ್ಲ. ಬೆಟ್ಟ ಸಿಗಲಿಲ್ಲ. ಸಿಕ್ಕಿದ್ದು ಅದೇ ಪುತ್ತನ್‌ಚಿರ, ಅದೇ ಕಷ್ಟದ ಮನೆ, ಅದೇ ಊರ ದೇವಾಲಯ. ದೇವರ ಚಿತ್ತ ಬೇರೆಯೇ ಇತ್ತು ಅನ್ನಬೇಕು.

ತ್ರೇಸಿಯ ಆ ದೇವಾಲಯದ ಕೆಲಸಕ್ಕೇ ನಿಂತುಬಿಟ್ಟಳು. ಜೊತೆಗೆ ಮೂವರು ಗೆಳತಿಯರು. ನಾಲ್ವರೂ ಸೇರಿ ದೇವಾಲಯ ಗುಡಿಸುವುದು, ಪೂಜಾಪೀಠಕ್ಕೆ ಅಲಂಕಾರ ಮಾಡುವುದು, ಪೂಜೆಗೆ ಬೇಕಾದ್ದನ್ನು ಅಣಿಮಾಡುವುದು, ಆಮೇಲೆ ಒಟ್ಟಿಗೆ ಕೂತು ಪ್ರಾರ್ಥಿಸುವುದು. ಇಂಥ ಕೆಲಸಕ್ಕೆ ಸಂಬಳವೂ ಇಲ್ಲ, ಹೆಸರೂ ಇಲ್ಲ. ಪ್ರತಿಯೊಂದು ಧರ್ಮಕೇಂದ್ರದಲ್ಲೂ ಹೀಗೆ ಸದ್ದಿಲ್ಲದೆ ಪೊರಕೆ ಹಿಡಿಯುವ ಹೆಣ್ಣುಮಕ್ಕಳು ಇದ್ದೇ ಇರುತ್ತಾರೆ. ಹಬ್ಬದ ದಿನ ವೇದಿಕೆಯ ಮೇಲೆ ಯಾರೂ ಅವರನ್ನು ಕರೆಯುವುದಿಲ್ಲ. ಸಂತ ಮರಿಯಂ ತ್ರೇಸಿಯಮ್ಮನವರ ಸೇವೆ ಆರಂಭವಾದದ್ದು ಅಲ್ಲಿಂದಲೇ.

ಆ ನಾಲ್ವರು ದೇವಾಲಯದ ಬಾಗಿಲಲ್ಲೇ ನಿಲ್ಲಲಿಲ್ಲ. ಅಲ್ಲಿಂದ ಓಣಿಗೆ ಇಳಿದರು. ಊರಿನಲ್ಲಿ ಯಾರಿಗೆ ಕಾಯಿಲೆ, ಯಾರ ಮನೆಯಲ್ಲಿ ಒಲೆ ಹತ್ತಿಲ್ಲ, ಯಾವ ಮುದುಕರಿಗೆ ನೋಡುವವರಿಲ್ಲ ಎಂದು ಹುಡುಕಿಕೊಂಡು ಹೋಗುತ್ತಿದ್ದರು. ಕುಷ್ಠ ರೋಗಿಗಳು, ಸಿಡುಬು ತಗುಲಿದವರು ಇದ್ದ ಮನೆಗೂ ಹೋಗಿ ಆರೈಕೆ ಮಾಡುತ್ತಿದ್ದರು. ಸಿಡುಬು ಎಂದರೆ ಏನೆಂದು ಈಗಿನ ಮಕ್ಕಳಿಗೆ ಗೊತ್ತಿಲ್ಲ. ನಮ್ಮ ದೇಶದಲ್ಲಿ ಅದು 1975ರಲ್ಲಿ ನಿಂತುಹೋಯಿತು. ಅಂದಿನ ಕಾಲದಲ್ಲಿ ಒಂದು ಮನೆಗೆ ಸಿಡುಬು ಬಂತೆಂದರೆ ಊರಿಗೆ ಊರೇ ಆ ಕಡೆ ತಲೆ ಹಾಕುತ್ತಿರಲಿಲ್ಲ. ಹೆತ್ತವರು, ಒಡಹುಟ್ಟಿದವರೇ ರೋಗಿಯನ್ನು ಬಿಟ್ಟು ಓಡಿಹೋದದ್ದುಂಟು. ಅಂಥ ಕಡೆ ಇವರು ಹೋಗಿ ಮೈ ತೊಳೆದರು, ಗಂಜಿ ಕುಡಿಸಿದರು. ರೋಗಿ ಸತ್ತರೆ ಅವರ ಅನಾಥ ಮಕ್ಕಳನ್ನೂ ನೋಡಿಕೊಂಡರು. ಜಾತಿ ಕೇಳಲಿಲ್ಲ, ಮತ ಕೇಳಲಿಲ್ಲ. ಕೀಳುಜಾತಿ ಎನಿಸಿಕೊಂಡವರು ಇಷ್ಟು ಹೆಜ್ಜೆ ದೂರ ನಿಲ್ಲಬೇಕು ಎಂದು ಅಳತೆ ಇಟ್ಟಿದ್ದ ಕಾಲ ಅದು. ದೇವಸ್ಥಾನದ ಸುತ್ತಲ ರಸ್ತೆಯಲ್ಲಿ ಎಲ್ಲರೂ ನಡೆಯಬೇಕೆಂದು ವೈಕಂ ಸತ್ಯಾಗ್ರಹ ಶುರುವಾದದ್ದು 1924ರಲ್ಲಿ. ಅದಕ್ಕೆ ಎಷ್ಟೋ ವರ್ಷ ಮೊದಲೇ ಈ ಹೆಣ್ಣುಮಕ್ಕಳು ಎಲ್ಲರ ಅಂಗಳಕ್ಕೂ ಕಾಲಿಟ್ಟಿದ್ದರು.

ಊರವರು ಹೊಗಳಿದರೇ? ಇಲ್ಲ. ಆಗ ಒಳ್ಳೆಯ ಮನೆತನದ ಹೆಣ್ಣುಮಕ್ಕಳು ಗಂಡಸರ ಜೊತೆಯಿಲ್ಲದೆ ಬೀದಿಗೆ ಬರುವುದೇ ತಪ್ಪು. ವಯಸ್ಸಿಗೆ ಬಂದ ನಾಲ್ವರು, ಅದೂ ಮದುವೆ ಬೇಡ ಎನ್ನುವವರು, ಮನೆಮನೆ ತಿರುಗುವುದೆಂದರೆ ಸುಮ್ಮನೆ ಬಿಡುತ್ತಾರೆಯೇ. ನಾಚಿಕೆಗೆಟ್ಟವರು ಅಂದರು. ಹೆಣ್ಣುಮಕ್ಕಳನ್ನು ಬೀದಿಗೆ ಬಿಟ್ಟಿದ್ದಾರೆ ಎಂದು ಮನೆಯವರನ್ನೂ ಆಡಿಕೊಂಡರು. ತ್ರೇಸಿಯ ತಿರುಗಿ ಮಾತಾಡಲಿಲ್ಲ. ಯೇಸು, ಮರಿಯ, ಜೋಸೆಫರ ಪವಿತ್ರ ಕುಟುಂಬವನ್ನೇ ತನ್ನ ಕುಟುಂಬ ಎಂದುಕೊಂಡಳು. ಆ ಮೂವರೂ ತನಗೆ ಆಗಾಗ ಕಾಣಿಸಿಕೊಂಡು ದಾರಿ ತೋರಿಸುತ್ತಾರೆಂದು ಆಕೆಯ ನಂಬಿಕೆ. 1904ರಲ್ಲಿ ತನ್ನ ಹೆಸರಿನ ಜೊತೆ ಮರಿಯಂ ಎಂದು ಸೇರಿಸಿಕೊಂಡದ್ದೂ ಹಾಗೆಯೇ. ಅದು ಮಾತೆ ಮರಿಯಮ್ಮನವರೇ ದರ್ಶನದಲ್ಲಿ ಕೊಟ್ಟ ಅಪ್ಪಣೆ ಎಂದು ತಿಳಿದುಕೊಂಡಳು.

ಈಗ ಈ ಚರಿತ್ರೆಯ ಅತಿ ಕಷ್ಟದ ಭಾಗ. ತ್ರೇಸಿಯಳಿಗೆ ಪ್ರಾರ್ಥನೆಯಲ್ಲಿ ಮೈಮರೆಯುವುದು, ದರ್ಶನಗಳು, ಅಂಗೈ ಪಾದಗಳಲ್ಲಿ ಯೇಸುಸ್ವಾಮಿಯ ಪಂಚಗಾಯದ ಗುರುತುಗಳು, ಇವೆಲ್ಲ ಆಗುತ್ತಿದ್ದವು. ಶುಕ್ರವಾರಗಳಂದು ಶಿಲುಬೆಯ ಆಕಾರದಲ್ಲಿ ದೇಹ ಮೇಲೆದ್ದು ಗೋಡೆಗೆ ತಗುಲಿ ನಿಲ್ಲುತ್ತಿತ್ತೆಂದು, ಅದನ್ನು ನೋಡಲು ಜನ ಸೇರುತ್ತಿದ್ದರೆಂದು ಆ ಕಾಲದವರು ಹೇಳಿದ್ದಾರೆ. ಆಕೆ ಮಾತ್ರ ಗಾಯದ ಗುರುತುಗಳನ್ನು ಆದಷ್ಟೂ ಮುಚ್ಚಿಡುತ್ತಿದ್ದಳು. ಜೊತೆಗೆ ಪಿಶಾಚಿಯ ಕಾಟ. ಹೊಡೆತ, ಬಡಿತ, ಮನಸ್ಸಿನೊಳಗೆ ವಿಶ್ವಾಸವೇ ಕುಸಿದುಹೋಗುವಂಥ ಕತ್ತಲೆ. ಇದನ್ನೆಲ್ಲ ಕೇಳಿದ ತ್ರಿಶೂರಿನ ಧರ್ಮಾಧ್ಯಕ್ಷ ಮಾರ್ ಜಾನ್ ಮೇನಾಚೇರಿಯವರಿಗೆ ಅನುಮಾನ ಬಂತು. ಇದು ದೇವರ ವರವೋ ಅಥವಾ ಈ ಹುಡುಗಿ ಸೈತಾನನ ಕೈಗೊಂಬೆಯೋ? ಪರೀಕ್ಷೆ ಮಾಡಿ ನೋಡಬೇಕೆಂದು ಅಪ್ಪಣೆ ಮಾಡಿದರು. 1902ರಿಂದ 1905ರವರೆಗೆ ತ್ರೇಸಿಯಳ ಮೇಲೆ ಮತ್ತೆ ಮತ್ತೆ ಪಿಶಾಚಿ ಬಿಡಿಸುವ ಪ್ರಾರ್ಥನೆ ನಡೆಯಿತು. ನಡೆಸಿದವರು ಊರಿನ ಗುರುಗಳಾದ ಫಾದರ್ ಜೋಸೆಫ್ ವಿತಯತ್ತಿಲ್.

ಒಮ್ಮೆ ಯೋಚಿಸಿ ನೋಡಬೇಕು. ತಾನು ಗುಡಿಸಿ ಅಲಂಕರಿಸುವ ಧರ್ಮಕೇಂದ್ರದಲ್ಲೇ ದೆವ್ವ ಹಿಡಿದವಳು ಎಂದು ಹೆಸರು. ಮೊದಲೇ ಆಡಿಕೊಳ್ಳುತ್ತಿದ್ದ ಊರಿಗೆ ಇದು ಸಾಕಾಯಿತು. ನಿಜವಾಗಿಯೂ ಆಕೆಯಲ್ಲಿ ಪಿಶಾಚಿ ಇದೆ ಎಂದೇ ಎಷ್ಟೋ ಜನ ನಂಬಿಬಿಟ್ಟರು. ಬೇರೆಯವರಾಗಿದ್ದರೆ ಧರ್ಮಸಭೆಯ ಸಹವಾಸವೇ ಬೇಡ ಎಂದು ಮನೆ ಸೇರುತ್ತಿದ್ದರು. ಇಲ್ಲವೇ ಎದುರು ನಿಂತು ವಾದ ಮಾಡುತ್ತಿದ್ದರು. ತ್ರೇಸಿಯ ಎರಡೂ ಮಾಡಲಿಲ್ಲ. ಕರೆದಾಗ ಹೋದಳು, ಹೇಳಿದಂತೆ ನಡೆದಳು. ಪರೀಕ್ಷೆ ಮಾಡಿದ ಅದೇ ಗುರುಗಳನ್ನೇ ತನ್ನ ಆತ್ಮದ ಮಾರ್ಗದರ್ಶಿಯಾಗಿ ಸ್ವೀಕರಿಸಿ, ಮನಸ್ಸಿನಲ್ಲಿದ್ದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿಕೊಂಡಳು. ಆಕೆಯ ಪತ್ರಗಳಲ್ಲಿ ಇಂದಿಗೆ ಉಳಿದಿರುವುದು 55. ಅದರಲ್ಲಿ 53 ಫಾದರ್ ವಿತಯತ್ತಿಲ್ ಅವರಿಗೇ ಬರೆದದ್ದು. ಅನುಮಾನದಿಂದ ಶುರುವಾದ ಪರಿಚಯ 24 ವರ್ಷ, ಆಕೆಯ ಕೊನೆಯ ದಿನದವರೆಗೂ ನಡೆಯಿತು. ಪರೀಕ್ಷೆ ಮಾಡಿದ ಗುರುಗಳಿಗೇ ಆಕೆ ಎಂಥವಳು ಎಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಾದದ್ದು.

1903ರಲ್ಲಿ ಆಕೆ ಧರ್ಮಾಧ್ಯಕ್ಷರಲ್ಲಿ ಒಂದು ಬೇಡಿಕೆ ಇಟ್ಟಿದ್ದಳು. ಗೆಳತಿಯರ ಜೊತೆ ಪ್ರಾರ್ಥನೆಯಲ್ಲಿರಲು ಊರಿನಲ್ಲೇ ಒಂದು ಚಿಕ್ಕ ಏಕಾಂತದ ಮನೆ ಬೇಕು ಎಂಬುದಷ್ಟೇ. ಕೇಳಿದ ಹೊತ್ತಾದರೂ ಎಂಥದ್ದು, ಪಿಶಾಚಿ ಬಿಡಿಸುವ ಪ್ರಾರ್ಥನೆಗಳು ನಡೆಯುತ್ತಿದ್ದಾಗಲೇ. ಧರ್ಮಾಧ್ಯಕ್ಷರು ಅವಸರ ಮಾಡಲಿಲ್ಲ. ಈಗಾಗಲೇ ಇರುವ ಫ್ರಾನ್ಸಿಸ್ಕನ್ ಕ್ಲಾರಾ ಸಭೆಗೆ ಸೇರಬಹುದಲ್ಲ ಎಂದು ಸೂಚಿಸಿದರು. ಅದು ತನ್ನ ಕರೆಯಲ್ಲ ಎಂದು ತ್ರೇಸಿಯಳಿಗೆ ಅನಿಸಿತು. ವರ್ಷಗಳು ಹಾಗೇ ಹೋದವು. 1912ರ ನವೆಂಬರಿನಲ್ಲಿ ಆಕೆಯನ್ನು ಒಲ್ಲೂರಿನ ಕಾರ್ಮೆಲ್ ಕನ್ಯಾಮಠದಲ್ಲಿರಲು ಕಳಿಸಿದರು. ಇಲ್ಲೊಂದು ಆಶ್ಚರ್ಯವಿದೆ. ಒಲ್ಲೂರು ಮಠ ಎಂದರೆ ಸಂತ ಯೂಫ್ರೇಸಿಯಮ್ಮನವರು ಬಾಳಿ ಬದುಕಿದ ಮಠ. 2014ರಲ್ಲಿ ಸಂತ ಪದವಿಗೇರಿದವರು ಅವರು. ತ್ರೇಸಿಯ ಹೋದಾಗ ಅವರು ಅಲ್ಲೇ ಇದ್ದರು. ಮುಂದೆ ಸಂತರಾಗುವ ಇಬ್ಬರು ಒಂದೇ ಸೂರಿನ ಕೆಳಗೆ ಎರಡು ತಿಂಗಳು ಕಳೆದರು, ಆಗ ಇದು ಯಾರಿಗೆ ಗೊತ್ತಿತ್ತು! ಮಠದವರಿಗೆ ತ್ರೇಸಿಯ ತಮ್ಮಲ್ಲೇ ಉಳಿದರೆ ಸಂತೋಷವಿತ್ತು. ಆದರೆ ಆಕೆಯ ಮನಸ್ಸು ಪುತ್ತನ್‌ಚಿರದ ಓಣಿಗಳಲ್ಲೇ ಇತ್ತು. 1913ರ ಜನವರಿ ಕೊನೆಗೆ ವಾಪಸು ಬಂದಳು.

ಅದೇ ವರ್ಷ ಧರ್ಮಾಧ್ಯಕ್ಷರು ಕೊನೆಗೂ ಒಪ್ಪಿಗೆ ಕೊಟ್ಟರು. ಏಕಾಂತ ಭವನ ಎದ್ದಿತು. ಧರ್ಮಾಧ್ಯಕ್ಷರು ತಮ್ಮ ಕಾರ್ಯದರ್ಶಿಯನ್ನು ಕಳಿಸಿ ಆಶೀರ್ವಾದ ಮಾಡಿಸಿದರು. ತ್ರೇಸಿಯ ಅದರಲ್ಲಿ ವಾಸಕ್ಕೆ ಬಂದಳು, ಹಳೇ ಗೆಳತಿಯರು ಮೂವರೂ ಬಂದು ಸೇರಿದರು. ಬೇಡಿಕೆ ಇಟ್ಟು ಹತ್ತು ವರ್ಷವಾಗಿತ್ತು. ಒಂದು ಚಿಕ್ಕ ಮನೆಗೆ ಹತ್ತು ವರ್ಷ. ಹೆಸರು ಏಕಾಂತ ಭವನವಾದರೂ ಬಾಗಿಲು ಹಾಕಿಕೊಂಡು ಕೂರಲಿಲ್ಲ. ತಪಸ್ವಿಗಳ ಹಾಗೆ ಉಪವಾಸ ಪ್ರಾರ್ಥನೆ ಒಂದು ಕಡೆ, ಹಗಲಿನಲ್ಲಿ ಎಂದಿನಂತೆ ರೋಗಿಗಳ ಮನೆ, ಬಡವರ ಮನೆ. ಇದನ್ನು ಗಮನಿಸಿದ ಧರ್ಮಾಧ್ಯಕ್ಷರಿಗೆ ಒಂದು ವಿಷಯ ಹೊಳೆಯಿತು. ಕುಟುಂಬಗಳ ಸೇವೆಗೆ ಅಂತಲೇ ಒಂದು ಹೊಸ ಕನ್ಯಾಸ್ತ್ರೀ ಸಭೆ ತಾನಾಗಿಯೇ ಹುಟ್ಟಿದೆ, ಹೆಸರಿಡುವುದು ಮಾತ್ರ ಬಾಕಿ. 1914ರ ಮೇ 14ರಂದು ಪವಿತ್ರ ಕುಟುಂಬ ಸಭೆ ಎಂದು ಹೆಸರಿಟ್ಟರು. ಮರಿಯಂ ತ್ರೇಸಿಯಮ್ಮನವರು ಅಂದೇ ವ್ರತ ಸ್ವೀಕರಿಸಿದರು, ಮೂವರು ಗೆಳತಿಯರು ಅಭ್ಯಾಸಿಗಳಾದರು. ದೆವ್ವ ಹಿಡಿದವಳೇ ಎಂದು ಅನುಮಾನಿಸಿ ಪರೀಕ್ಷೆಗೆ ಒಪ್ಪಿಸಿದ ಅದೇ ಧರ್ಮಾಧ್ಯಕ್ಷರೇ ಈಗ ಆಕೆಯನ್ನು ಮಠದ ಹಿರಿಯ ತಾಯಿಯಾಗಿ ನೇಮಿಸಿದರು. ಹೊಸ ಸಭೆಗೆ ಬರೆದಿಟ್ಟ ನಿಯಮಾವಳಿ ಇರಲಿಲ್ಲ. ಫ್ರಾನ್ಸ್ ದೇಶದ ಬೋರ್ಡೊ ಪಟ್ಟಣದ ಪವಿತ್ರ ಕುಟುಂಬ ಸಭೆಯವರು ಸಿಂಹಳದಲ್ಲಿದ್ದರು. ಅವರಿಂದ ನಿಯಮಾವಳಿ ತರಿಸಿ, ಇಲ್ಲಿಗೆ ತಕ್ಕಂತೆ ಮಾಡಿ, ಧರ್ಮಾಧ್ಯಕ್ಷರೇ ಕೈಯಲ್ಲಿಟ್ಟರು.

ಮುಂದಿನ ಹನ್ನೆರಡು ವರ್ಷ ನಿಂತದ್ದಿಲ್ಲ, ಕೂತದ್ದಿಲ್ಲ. ಮೊದಲನೇ ಮಹಾಯುದ್ಧದ ಕಾಲ, ಅದಾದ ಮೇಲಿನ ಕಷ್ಟದ ಕಾಲ. ಅಂಥದ್ದರಲ್ಲಿ ಮೂರು ಹೊಸ ಮಠಗಳು, ಎರಡು ಶಾಲೆಗಳು, ಎರಡು ವಿದ್ಯಾರ್ಥಿನಿಲಯಗಳು, ಒಂದು ಅಧ್ಯಯನ ಮಂದಿರ, ಒಂದು ಅನಾಥಾಲಯ ಎದ್ದವು. ಹೆಣ್ಣುಮಕ್ಕಳು ಓದಬೇಕು ಎಂಬುದರಲ್ಲಿ ಮರಿಯಂ ತ್ರೇಸಿಯಮ್ಮನವರಿಗೆ ಬಲವಾದ ನಂಬಿಕೆ. ಏಳು ಹೆಣ್ಣುಮಕ್ಕಳ ವರದಕ್ಷಿಣೆಗೆ ಮನೆಯೇ ಮುಳುಗಿಹೋದದ್ದನ್ನು ಕಂಡವರಲ್ಲವೇ. ಎಷ್ಟೇ ಕಟ್ಟಡದ ಕೆಲಸವಿದ್ದರೂ ಮನೆ ಭೇಟಿ ಮಾತ್ರ ಬಿಡಲಿಲ್ಲ. ತಮ್ಮ ಕನ್ಯಾಸ್ತ್ರೀಯರಿಗೂ ಅದನ್ನೇ ಕಲಿಸಿದರು. ಗುಡಿಗೆ ಬರದವರ ಮನೆಗೆ ನಾವು ಹೋಗಬೇಕು ಎಂಬುದು ಅವರ ರೀತಿ. ಗಂಡ ಹೆಂಡತಿ ಜಗಳವಿದ್ದಲ್ಲಿ ಸಮಾಧಾನ, ಕೆಟ್ಟ ದಾರಿ ಹಿಡಿದವರಿಗೆ ಬುದ್ಧಿಮಾತು, ಅವರಿಗಾಗಿ ತಾವು ಉಪವಾಸ. ಒಂದು ಊರಿನ ಸಂಸಾರಗಳು ನೆಟ್ಟಗಿದ್ದರೆ ಧರ್ಮಕೇಂದ್ರ ನೆಟ್ಟಗಿರುತ್ತದೆ ಎಂಬುದನ್ನು ಅವರು ಮಾತಿಗಿಂತ ಹೆಚ್ಚಾಗಿ ಕಾಲ್ನಡಿಗೆಯಲ್ಲೇ ತೋರಿಸಿಕೊಟ್ಟರು.

1926ರಲ್ಲಿ ಒಂದು ವಸ್ತು ಮೇಲಿನಿಂದ ಬಿದ್ದು ಕಾಲಿಗೆ ಗಾಯವಾಯಿತು. ಸಣ್ಣ ವಿಷಯವೇ. ಆದರೆ ಅವರಿಗೆ ಸಕ್ಕರೆ ಕಾಯಿಲೆಯಿತ್ತು. ಇನ್ಸುಲಿನ್ ಎಂಬ ಔಷಧವನ್ನು ಕೆನಡಾ ದೇಶದಲ್ಲಿ ಮೊದಲ ಬಾರಿ ರೋಗಿಗೆ ಕೊಟ್ಟದ್ದೇ 1922ರಲ್ಲಿ. ಗಾಯ ಮಾಗಲಿಲ್ಲ, ಉಲ್ಬಣಿಸಿತು. ಊರೆಲ್ಲ ನಡೆದ ಕಾಲು ಅದು. 1926ರ ಜೂನ್ 8ರಂದು ಕುಳಿಕ್ಕಾಟ್ಟುಶೇರಿಯ ಮಠದಲ್ಲಿ ಪ್ರಾಣ ಬಿಟ್ಟರು. ವಯಸ್ಸು ಐವತ್ತು ಮಾತ್ರ. ಆಗ ಅವರ ಆಶ್ರಯದಲ್ಲಿ 55 ಕನ್ಯಾಸ್ತ್ರೀಯರು, ವಿದ್ಯಾರ್ಥಿನಿಲಯದ 30 ಹೆಣ್ಣುಮಕ್ಕಳು, 10 ಅನಾಥ ಮಕ್ಕಳು ಇದ್ದರು.

ತಾಯಿಯಿಲ್ಲದ ಮಠವನ್ನು ಫಾದರ್ ವಿತಯತ್ತಿಲ್ ಕೈಬಿಡಲಿಲ್ಲ. ಇನ್ನೂ 38 ವರ್ಷ ತಂದೆಯ ಹಾಗೆ ನಿಂತು ನಡೆಸಿದರು. ಅವರು ತೀರಿಕೊಂಡದ್ದು 1964ರಲ್ಲಿ, 98ನೇ ವಯಸ್ಸಿನಲ್ಲಿ. ದಿನ ಯಾವುದು ಗೊತ್ತೇ, ಅದೇ ಜೂನ್ 8. ನಾಲ್ವರಿಂದ ಆರಂಭವಾದ ಸಭೆಯಲ್ಲಿ 2000ನೇ ಇಸವಿಯ ಹೊತ್ತಿಗೆ 1584 ವ್ರತಧಾರಿ ಕನ್ಯಾಸ್ತ್ರೀಯರಿದ್ದರು. ಕೇರಳ, ಉತ್ತರ ಭಾರತ ಮಾತ್ರವಲ್ಲ, ಜರ್ಮನಿ, ಇಟಲಿ, ಆಫ್ರಿಕಾ ಖಂಡದ ಘಾನಾದವರೆಗೂ ಹೋಗಿದ್ದರು.

ಪ್ರಾರ್ಥಿಸಿದವರಿಗೆ ಆದ ಉಪಕಾರಗಳು ಅನೇಕ. ಅದರಲ್ಲಿ ರೋಮಿನ ಧರ್ಮಸಭೆ ವಿಚಾರಣೆ ಮಾಡಿ ಒಪ್ಪಿಕೊಂಡದ್ದು ಎರಡು. ಮೊದಲನೆಯದು, 1956ರಲ್ಲಿ ಎರಡೂ ಪಾದಗಳು ಸೊಟ್ಟಗಾಗಿ ಹುಟ್ಟಿದ ಒಬ್ಬ ಹುಡುಗನದು. ಪಾದದ ಅಂಚಿನ ಮೇಲೆ ಕಷ್ಟಪಟ್ಟು ನಡೆಯುತ್ತಿದ್ದ. 14 ವರ್ಷದವನಿದ್ದಾಗ ಮನೆಯವರೆಲ್ಲ 33 ದಿನ ಉಪವಾಸವಿದ್ದು ಮರಿಯಂ ತ್ರೇಸಿಯಮ್ಮನವರಲ್ಲಿ ಬೇಡಿಕೊಂಡರು. 1970ರ ಆಗಸ್ಟ್ 21ರ ರಾತ್ರಿ ಬಲಪಾದ ನೆಟ್ಟಗಾಯಿತು. ಎಡಪಾದ ಹಾಗೇ ಇತ್ತು. ಮರುವರ್ಷ ಮತ್ತೆ 39 ದಿನ ಉಪವಾಸ. 1971ರ ಆಗಸ್ಟ್ 28ರಂದು ರಾತ್ರಿ ಕಳೆಯುವುದರೊಳಗೆ ಅದೂ ನೆಟ್ಟಗಾಯಿತು. ಒಂದು ಕಾಲು ಸರಿಹೋದ ಮೇಲೆ ಇಷ್ಟಾಯಿತಲ್ಲ ಸಾಕು ಎಂದು ಆ ಮನೆಯವರು ಸುಮ್ಮನಾಗಲಿಲ್ಲ ನೋಡಿ. ಭಾರತ ಮತ್ತು ಇಟಲಿಯ ವೈದ್ಯರು ಪರೀಕ್ಷಿಸಿ, ವೈದ್ಯಶಾಸ್ತ್ರದಲ್ಲಿ ಇದಕ್ಕೆ ಕಾರಣ ಸಿಗುವುದಿಲ್ಲ ಎಂದರು. ಇದರ ಮೇಲೆ 2000ನೇ ಇಸವಿ ಏಪ್ರಿಲ್ 9ರಂದು ಪೋಪ್ ಎರಡನೇ ಜಾನ್ ಪಾಲರು ಅವರನ್ನು ಧನ್ಯೆ ಎಂದು ಘೋಷಿಸಿದರು. ಎರಡನೆಯದು 2009ರಲ್ಲಿ ತ್ರಿಶೂರಿನಲ್ಲಿ ನಡೆದದ್ದು. ತಿಂಗಳು ತುಂಬುವ ಮೊದಲೇ ಹುಟ್ಟಿ, ಉಸಿರಾಡಲಾಗದೆ ಒದ್ದಾಡುತ್ತಿದ್ದ ಗಂಡು ಮಗುವಿನ ಬಳಿ ಮರಿಯಂ ತ್ರೇಸಿಯಮ್ಮನವರ ಪವಿತ್ರ ಅವಶೇಷ ಇಟ್ಟು ಪ್ರಾರ್ಥಿಸಿದರು. ಮಗು ಚೇತರಿಸಿಕೊಂಡಿತು.

2019ರಲ್ಲಿ ಮರಿಯಂ ತ್ರೇಸಿಯಮ್ಮನವರ ಜೊತೆ ಸಂತ ಪದವಿ ಪಡೆದವರು ಇನ್ನೂ ನಾಲ್ವರು. ಇಂಗ್ಲೆಂಡಿನ ಮಹಾ ಪಂಡಿತರಾದ ಕಾರ್ಡಿನಲ್ ನ್ಯೂಮನ್ ಅವರೊಬ್ಬರು. ಸ್ವಿಟ್ಜರ್ಲೆಂಡಿನ ಮಾರ್ಗರೇಟ್ ಬೇಸ್ ಎಂಬ ತಾಯಿಯಂತೂ ಮಠ ಸೇರದೆ, ಬಟ್ಟೆ ಹೊಲಿದುಕೊಂಡು ತಮ್ಮ ಊರಿನ ಧರ್ಮಕೇಂದ್ರದ ಸೇವೆಯಲ್ಲೇ ಬಾಳಿದವರು. ಪಂಡಿತರೂ, ಹೊಲಿಗೆಯಮ್ಮನೂ, ಶಾಲೆ ಬಿಟ್ಟ ಪುತ್ತನ್‌ಚಿರದ ತ್ರೇಸಿಯಳೂ ಒಂದೇ ದಿನ ಒಂದೇ ಸಾಲಿನಲ್ಲಿ.

ಸಂತರ ಸಮಾಧಿ ಇರುವುದು ಕುಳಿಕ್ಕಾಟ್ಟುಶೇರಿಯಲ್ಲಿ. ದರ್ಶನಕ್ಕೆ ಹೋಗಬಯಸುವ ಯಾತ್ರಿಕರು ರೈಲಿನಲ್ಲಾದರೆ ಇರಿಂಜಾಲಕುಡ ಸ್ಟೇಷನ್ನಿನಲ್ಲಿ ಇಳಿಯಬಹುದು. ಆದರೆ ಸ್ಟೇಷನ್ ಇರುವುದು ಇರಿಂಜಾಲಕುಡ ಪಟ್ಟಣದಲ್ಲಿ ಅಲ್ಲ, ಕಲ್ಲೇಟ್ಟುಂಕರ ಎಂಬಲ್ಲಿ. ಅಲ್ಲಿಂದ ಬಸ್ಸು, ಆಟೋ ವಿಚಾರಿಸಿಕೊಳ್ಳಬೇಕು. ಪುತ್ತನ್‌ಚಿರವನ್ನೂ ನೋಡಿ ಬರುವುದು ಒಳ್ಳೆಯದು. ಹಬ್ಬ ಪ್ರತಿ ವರ್ಷ ಜೂನ್ 8ರಂದು. ಆ ಹೊತ್ತಿಗೆ ಕೇರಳದಲ್ಲಿ ಮಳೆ ಹಿಡಿದಿರುತ್ತದೆ, ಮಕ್ಕಳು ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಕೊಡೆ ಮರೆಯಬಾರದು.